ಸಭೆಯಿಂದಲೇ ನೊಂದವರ ಜೊತೆ ಪ್ರಾರ್ಥಿಸುವುದು ಹೇಗೆ?

ಮನೆಯಲ್ಲಿ ಕಾಯಿಲೆ, ಕೈಯಲ್ಲಿ ಕಾಸಿಲ್ಲ, ಸಾಲದ್ದಕ್ಕೆ ಆಸರೆಯಾಗಬೇಕಿದ್ದ ಸಭೆಯೇ ಮುಖ ತಿರುಗಿಸಿದೆ. ಇಂಥ ಸ್ಥಿತಿಯಲ್ಲಿರುವವರ ಮನೆಗೆ ಪ್ರಾರ್ಥನೆಗೆಂದು ಹೋಗುವವರು ಒಳ್ಳೆಯ ಮನಸ್ಸಿನಿಂದಲೇ ಹೋಗುತ್ತಾರೆ. ಅಲ್ಲಿ ನಡೆಯುವುದು ಮಾತ್ರ ಸಾಮಾನ್ಯವಾಗಿ ಹೀಗೆ: ಏಳೆಂಟು ಜನ ಒಟ್ಟಿಗೆ ಬಂದು ಕೂರುತ್ತಾರೆ, ಒಂದು ಹಾಡು, ಒಂದು ವಾಕ್ಯ, ಆಮೇಲೆ ಎಲ್ಲರೂ ಕಣ್ಣು ಮುಚ್ಚಿದಾಗ 'ಕರ್ತನೇ, ಈ ಸಹೋದರಿಗೆ ಕ್ಷಮಿಸುವ ಹೃದಯ ಕೊಡು, ಒಳಗಿನ ಕಹಿಯನ್ನು ತೆಗೆದುಹಾಕು' ಎಂಬ ಬಿನ್ನಹ. ಚಹಾ ಕುಡಿದು ಹೊರಡುತ್ತಾರೆ. ಪೆಟ್ಟು ತಿಂದವಳ ಕಿವಿಗೆ ಅದು ತೀರ್ಪಿನ ಹಾಗೆ ಕೇಳಿಸುತ್ತದೆ. ಏನಾಯಿತೆಂದು ಯಾರೂ ಕೇಳಲಿಲ್ಲ, ತಪ್ಪೆಲ್ಲ ಅವಳ ಮನಸ್ಸಿನಲ್ಲೇ ಇದೆಯೆಂದು ದೇವರ ಮುಂದೆ ಹೇಳಿಯಾಯಿತು. ಈ ಕ್ರಮ ಬದಲಾಗಬೇಕು. ಸತ್ಯವೇದದ ಪ್ರಾರ್ಥನೆಗಳಲ್ಲಿ ಅಳಲಿಗೆ ಮೊದಲ ಜಾಗವಿದೆ. ಕ್ಷಮೆ ಅದರ ಹಿಂದೆ, ತನಗೆ ಬೇಕಾದಷ್ಟು ಕಾಲ ತೆಗೆದುಕೊಂಡು ಬರುತ್ತದೆ.

ಕೀರ್ತನೆಗಳ ಪುಸ್ತಕವನ್ನೇ ನೋಡಿ. ಅಲ್ಲಿರುವ 150 ಕೀರ್ತನೆಗಳನ್ನು ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಪ್ರಕಾರವಾರು ವಿಂಗಡಿಸಿದ ಜರ್ಮನ್ ವಿದ್ವಾಂಸ ಹರ್ಮನ್ ಗುಂಕೆಲ್ ಅವರಿಗೆ, ಕಷ್ಟದಲ್ಲಿರುವ ಒಬ್ಬಂಟಿ ಮನುಷ್ಯನ ಅಳಲಿನವೇ ಉಳಿದ ಬಗೆಗಳಿಗಿಂತ ಹೆಚ್ಚಾಗಿ ಕಂಡವು. ನಮ್ಮ ಆರಾಧನೆಗಳಲ್ಲಿ 23, 100, 121 ಮತ್ತೆ ಮತ್ತೆ ಬರುತ್ತವೆ. ಅಳಲೇ ತುಂಬಿದ 88 ಬರುವುದು ಅಪರೂಪ. ಹಳೆಯ ಒಡಂಬಡಿಕೆಯ ಅಮೆರಿಕನ್ ಪಂಡಿತ ವಾಲ್ಟರ್ ಬ್ರೂಗೆಮನ್ 1986ರ ಲೇಖನವೊಂದರಲ್ಲಿ ಈ ನಷ್ಟವನ್ನೇ ವಿವರಿಸಿದರು. ಅಳಲನ್ನು ಆರಾಧನೆಯಿಂದ ಹೊರಗಿಟ್ಟ ಸಭೆಯಲ್ಲಿ ನ್ಯಾಯದ ಪ್ರಶ್ನೆ ಕೇಳುವ ದನಿಯೂ ಅಡಗುತ್ತದೆ, ಇದ್ದ ವ್ಯವಸ್ಥೆ ಇದ್ದ ಹಾಗೆಯೇ ಮುಂದುವರಿಯುತ್ತದೆ ಎಂಬುದು ಅವರ ವಾದದ ತಿರುಳು. ಸಭೆಯಿಂದಲೇ ನೊಂದವರ ವಿಷಯದಲ್ಲಂತೂ ಈ ಮಾತು ಅಕ್ಷರಶಃ ನಿಜ.

ಹೋಗುವ ಮೊದಲು ಫೋನ್ ಮಾಡಿ ಕೇಳಿ, ಬೇಡವೆಂದರೆ ಬೇಡ. ಇಬ್ಬರು ಹೋದರೆ ಸಾಕು. ನೊಂದವರು ಹೆಣ್ಣಾದರೆ ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಜಗಳದಲ್ಲಿ ಪಾಲಿದ್ದ ಕಮಿಟಿಯವರು, ಅವರ ನೆಂಟರು ಮೊದಲ ಭೇಟಿಗೆ ಖಂಡಿತ ಬೇಡ. ಕಷ್ಟದ ಮನೆಗೆ ಬರಿಗೈಯಲ್ಲಿ ಹೋಗಬೇಡಿ: ಅಕ್ಕಿ, ಬೇಳೆ, ಔಷಧಿಯ ಬಿಲ್ಲು, ಮಕ್ಕಳ ಫೀಸು, ಇವುಗಳಲ್ಲಿ ಯಾವುದಕ್ಕೆ ಕೈಜೋಡಿಸಲು ಆಗುತ್ತದೆಂದು ಮೊದಲೇ ಮಾತಾಡಿಕೊಂಡು ಹೋಗಿ. ಅರಸುಗಳ ಮೊದಲನೆಯ ಪುಸ್ತಕದ 19ನೇ ಅಧ್ಯಾಯದಲ್ಲಿ ಸಾಯಬೇಕೆಂದು ಗಿಡದ ಕೆಳಗೆ ಮಲಗಿದ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲ ಎಬ್ಬಿಸಿ ಮತ್ತೆ ಉಣ್ಣಿಸಿದ. ಇಲ್ಲೇನು ಮಾಡುತ್ತಿದ್ದೀಯೆಂಬ ಪ್ರಶ್ನೆ ಬಂದದ್ದು ಹೋರೇಬ್ ಬೆಟ್ಟ ತಲುಪಿದ ಮೇಲೆ.

ಕೂತ ಮೇಲೆ ಕೇಳಿಸಿಕೊಳ್ಳಿ. ಇದು ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. ಯೋಬನ ಮೂವರು ಗೆಳೆಯರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಅವನ ಜೊತೆ ಕೂತಷ್ಟು ಹೊತ್ತು ಒಳ್ಳೆಯ ಗೆಳೆಯರೇ ಆಗಿದ್ದರು. ಬಾಯಿ ತೆರೆದ ಮೇಲೆ ಕೆಟ್ಟರು. ಪುಸ್ತಕದ ಕೊನೆಯಲ್ಲಿ ದೇವರು ಸರಿಯಾಗಿ ಮಾತಾಡಿದವನೆಂದು ಒಪ್ಪಿಕೊಂಡದ್ದು ದೂರಿದ ಯೋಬನನ್ನು, ದೇವರ ಪರವಾಗಿ ವಕಾಲತ್ತು ವಹಿಸಿದ ಗೆಳೆಯರನ್ನಲ್ಲ. ಶೀಲೋವಿನ ದೇವಾಲಯದಲ್ಲಿ ನಡೆದದ್ದು ಇನ್ನೂ ಹತ್ತಿರದ ಉದಾಹರಣೆ. ಮಕ್ಕಳಿಲ್ಲದ ಹನ್ನ ಅಳುತ್ತಾ ಪ್ರಾರ್ಥಿಸುತ್ತಿದ್ದಾಳೆ, ತುಟಿ ಅಲುಗುತ್ತಿದೆ, ದನಿ ಹೊರಡುತ್ತಿಲ್ಲ. ಬಾಗಿಲ ಬಳಿ ಪೀಠದ ಮೇಲೆ ಕೂತ ಯಾಜಕ ಏಲಿ ಅವಳ ತುಟಿಯನ್ನಷ್ಟೇ ನೋಡಿ, ಕುಡಿದಿದ್ದಾಳೆಂದು ತೀರ್ಮಾನಿಸಿ ಗದರಿಸುತ್ತಾನೆ. ಅವಳು ತಲೆ ತಗ್ಗಿಸಿ ಹೊರಟುಹೋಗುವುದಿಲ್ಲ. ತಾನು ಕುಡಿದವಳಲ್ಲ, ಎದೆಯೊಳಗಿನದನ್ನು ದೇವರ ಮುಂದೆ ಸುರಿಯುತ್ತಿದ್ದೇನೆಂದು ಎದುರುತ್ತರ ಕೊಡುತ್ತಾಳೆ. ಏಲಿಯ ದೊಡ್ಡತನ ಇರುವುದು ಆಮೇಲೆ: ಅವನು ವಾದಕ್ಕಿಳಿಯದೆ ಆಶೀರ್ವದಿಸುತ್ತಾನೆ. ಹನ್ನ ಹೋಗಿ ಊಟ ಮಾಡುತ್ತಾಳೆ. ಭೇಟಿಗೆ ಹೋದವರು ಮಾಡಬೇಕಾದದ್ದೂ ಅಷ್ಟೇ, ಎದುರುತ್ತರಕ್ಕೆ ಜಾಗ ಬಿಡುವುದು.

ನಂತರ, ಒಪ್ಪಿದರೆ, ಒಂದು ಕೀರ್ತನೆ ಓದಿ. ಮೊದಲ ಸಲಕ್ಕೆ 13 ಸಾಕು. ಆರೇ ವಚನ, ಅದರಲ್ಲಿ ಎಲ್ಲಿಯವರೆಗೆ ಎಂಬ ಪ್ರಶ್ನೆಯೇ ನಾಲ್ಕು ಸಲ. ನಂಬಿದವರೇ ಕೈಕೊಟ್ಟಿದ್ದರೆ 55: ವೈರಿಯ ನಿಂದೆಯನ್ನಾದರೂ ಸಹಿಸಬಹುದಿತ್ತು, ದೇವರ ಮನೆಗೆ ಜೊತೆಯಲ್ಲಿ ನಡೆದ ಆಪ್ತನೇ ಹೀಗೆ ಮಾಡಿದನಲ್ಲ ಎಂಬುದು ಅದರ ನೋವು. ಮಾತೇ ಹೊರಡದವರಿಗೆ 88, ಅದು ಕತ್ತಲಲ್ಲೇ ಮುಗಿಯುತ್ತದೆ. ಅದರ ಕೊನೆಗೆ ನೀವಾಗಿ ಒಂದು ಸಮಾಧಾನದ ವಾಕ್ಯ ಅಂಟಿಸಬೇಡಿ. ಸಂಕಲಿಸಿದವರಿಗೆ ಅಂಟಿಸಲು ಬರುತ್ತಿತ್ತು, ಅವರು ಹಾಗೇ ಬಿಟ್ಟರು. ಆಮೇಲೆ ನಿಮ್ಮ ಮಾತಿನಲ್ಲಿ, ಮೆತ್ತಗೆ, ಎರಡು ನಿಮಿಷ ಮೀರದ ಹಾಗೆ ಪ್ರಾರ್ಥಿಸಿ. ಮಾದರಿ ಬೇಕೆಂದರೆ ಹೀಗಿರಲಿ: 'ತಂದೆಯೇ, ನಿನ್ನ ಮನೆಯಲ್ಲೇ ಈ ಅಕ್ಕನಿಗೆ ಪೆಟ್ಟಾಗಿದೆ. ನಿನ್ನ ಹೆಸರು ಹೇಳಿಕೊಂಡೇ ಅವಮಾನ ಮಾಡಿದ್ದಾರೆ. ನೀನು ನೋಡಿದ್ದೀ. ಯಾಕೆ ಸುಮ್ಮನಿದ್ದೀ ಎಂದು ನಾವೂ ಈ ಅಕ್ಕನ ಜೊತೆ ಕೇಳುತ್ತೇವೆ. ಸತ್ಯ ಹೊರಗೆ ಬರಲಿ. ಈ ತಿಂಗಳ ಬಾಡಿಗೆಗೆ ದಾರಿ ತೋರಿಸು, ಈ ರಾತ್ರಿ ನಿದ್ದೆ ಕೊಡು. ಆಮೆನ್.' ಇದರಲ್ಲಿ ಬುದ್ಧಿವಾದವಿಲ್ಲ, ಕೇಳಿಸಿಕೊಂಡದ್ದರ ಗುರುತು ಮಾತ್ರ ಇದೆ. ದೇವರಿಗೆ ಹೇಳುವ ನೆಪದಲ್ಲಿ ಎದುರಿಗಿದ್ದವರಿಗೆ ಪಾಠ ಹೇಳುವುದು ಪ್ರಾರ್ಥನೆಯ ದುರುಪಯೋಗ. ಕಣ್ಣು ಮುಚ್ಚಿ ಕೂತವರಿಗೆ ತಿರುಗಿ ಮಾತಾಡಲೂ ಆಗುವುದಿಲ್ಲ.

ಅತಿ ಹೆಚ್ಚು ಹಾನಿಯಾಗುವುದು ಕ್ಷಮೆಯ ವಿಷಯದಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಕರ್ತನ ಪ್ರಾರ್ಥನೆಯಲ್ಲೇ ಕ್ಷಮೆಯ ಮಾತಿದೆ, ಕ್ಷಮಿಸದವರಿಗೆ ಕ್ಷಮೆಯಿಲ್ಲವೆಂದು ಯೇಸುವೇ ಹೇಳಿದ್ದಾನಲ್ಲ ಎಂದು ಕೇಳುವವರಿದ್ದಾರೆ. ಹೇಳಿದ್ದಾನೆ, ಅದನ್ನು ಸಡಿಲಗೊಳಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಆ ಆಜ್ಞೆಯನ್ನು ನೊಂದವರ ಮೇಲೆ ಹೇರಿ, ನೋಯಿಸಿದವರಿಗೆ ಯಾವ ಆಜ್ಞೆಯೂ ಇಲ್ಲದಂತೆ ನಡೆದುಕೊಳ್ಳುವ ಅಧಿಕಾರವೂ ಯಾರಿಗೂ ಇಲ್ಲ. ಲೂಕನ 17ನೇ ಅಧ್ಯಾಯದಲ್ಲಿ ತಪ್ಪು ಮಾಡಿದ ಸಹೋದರನನ್ನು ಗದರಿಸಬೇಕೆಂಬ ಮಾತು ಮೊದಲು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸಬೇಕೆಂಬುದು ನಂತರ. ಯೋಸೇಫ ತನ್ನನ್ನು ಮಾರಿದ ಅಣ್ಣಂದಿರನ್ನು ಕಂಡ ಕೂಡಲೇ ಅಪ್ಪಿಕೊಳ್ಳಲಿಲ್ಲ. ಅವರು ಬದಲಾಗಿದ್ದಾರೋ ಎಂದು ಪರೀಕ್ಷಿಸಿದ, ತಮ್ಮನ ಬದಲು ತಾನೇ ಆಳಾಗಿ ಉಳಿಯುತ್ತೇನೆಂದು ಯೆಹೂದ ಮುಂದೆ ಬಂದ ಮೇಲೆ ತಾನು ಯಾರೆಂದು ಹೇಳಿಕೊಂಡ. ಪೌಲನಂತೂ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಕ್ಷಮೆ, ಎಚ್ಚರ ಎರಡನ್ನೂ ಅಕ್ಕಪಕ್ಕದಲ್ಲೇ ಇಟ್ಟಿದ್ದಾನೆ. ವಿಚಾರಣೆಯ ವೇಳೆ ತನ್ನನ್ನು ಒಂಟಿಯಾಗಿ ಬಿಟ್ಟುಹೋದವರ ಮೇಲೆ ಆ ದೋಷ ಹೊರಿಸದಿರಲಿ ಎಂದು ಬೇಡುತ್ತಾನೆ. ಅದಕ್ಕೆ ಸ್ವಲ್ಪ ಮುಂಚೆ, ತನಗೆ ಬಹಳ ಕೇಡು ಮಾಡಿದ ಕಂಚುಗಾರ ಅಲೆಕ್ಸಾಂದ್ರನ ಹೆಸರನ್ನೇ ಬರೆದು, ನೀನೂ ಅವನ ವಿಷಯದಲ್ಲಿ ಹುಷಾರಾಗಿರು ಎನ್ನುತ್ತಾನೆ. ಬಿಟ್ಟುಹೋದವನ ದೌರ್ಬಲ್ಯ ಬೇರೆ, ಕೇಡು ಮಾಡಿದವನ ಕೃತ್ಯ ಬೇರೆಯೆಂದು ಅವನಿಗೆ ಗೊತ್ತಿತ್ತು. ಕ್ಷಮೆ, ಮತ್ತೆ ನಂಬುವುದು, ಮತ್ತೆ ಒಂದೇ ಬೆಂಚಿನಲ್ಲಿ ಕೂರುವುದು, ಈ ಮೂರೂ ಒಂದೇ ಅಲ್ಲ. ಮೊದಲನೆಯದನ್ನು ಕೇಳುವ ನೆಪದಲ್ಲಿ ಮೂರನ್ನೂ ಕಿತ್ತುಕೊಳ್ಳಬೇಡಿ. ನೊಂದವರೇ ಕ್ಷಮೆಯ ಮಾತೆತ್ತುವವರೆಗೆ ನೀವು ಎತ್ತದಿರುವುದೇ ಒಳ್ಳೆಯದು.

ಅಭಿಷಿಕ್ತರನ್ನು ಮುಟ್ಟಬಾರದೆಂಬ ವಾಕ್ಯವನ್ನು ಮುಂದಿಟ್ಟು ಬಾಯಿ ಮುಚ್ಚಿಸುವವರಿಗೆ ಉತ್ತರ ಆ ವಾಕ್ಯವಿರುವ 105ನೇ ಕೀರ್ತನೆಯಲ್ಲೇ ಇದೆ. ಅಲ್ಲಿ ಅಭಿಷಿಕ್ತರೆಂದರೆ ಪೀಠದ ಮೇಲಿದ್ದವರಲ್ಲ. ಎಣಿಕೆಗೆ ಸಿಗುವಷ್ಟೇ ಮಂದಿಯಾಗಿ ಪರದೇಶಗಳಲ್ಲಿ ಅಲೆಯುತ್ತಿದ್ದ ಅಬ್ರಹಾಮನ ಮನೆಯವರು. ಎಚ್ಚರಿಕೆ ಹೋದದ್ದು ಅರಸರಿಗೆ. ಬಲಹೀನರನ್ನು ಕಾಯುವ ಮಾತನ್ನು ಬಲವುಳ್ಳವರ ಗುರಾಣಿಯಾಗಿ ಬಳಸುವುದು ತಪ್ಪು ಓದು. ಮೊದಲು ನೀವಿಬ್ಬರೇ ಕೂತು ಮಾತಾಡಿ ಎಂದು ಮತ್ತಾಯನ 18ನೇ ಅಧ್ಯಾಯ ತೋರಿಸುವವರು ಅದೇ ಅಧ್ಯಾಯದ ಆರನೆಯ ವಚನವನ್ನೂ ಓದಲಿ: ಚಿಕ್ಕವರನ್ನು ಎಡವಿಸಿದವನ ಕೊರಳಿಗೆ ಬೀಸುಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ಲೇಸು ಎಂಬ ಅರ್ಥದ ಕಟುವಾದ ಮಾತು ಅಲ್ಲಿದೆ. ಕಿರುಕುಳ ಅನುಭವಿಸಿದವರನ್ನು ಒಬ್ಬರೇ ಕಿರುಕುಳ ಕೊಟ್ಟವರ ಮುಂದೆ ಕಳಿಸಲು ಈ ಅಧ್ಯಾಯ ಅಪ್ಪಣೆ ಕೊಡುವುದಿಲ್ಲ. ಸಭೆಯ ಮಾನ ಹೋಗುತ್ತದೆಂಬ ಭಯಕ್ಕೂ ಹನ್ನಳ ಕಥೆ ಬರುವ ಸಮುವೇಲನ ಪುಸ್ತಕದಲ್ಲೇ ಉತ್ತರವಿದೆ. ಬಲಿಯ ಮಾಂಸವನ್ನು ಕಿತ್ತುಕೊಂಡು, ದೇವದರ್ಶನದ ಗುಡಾರದ ಬಾಗಿಲಲ್ಲಿದ್ದ ಹೆಂಗಸರನ್ನು ಕೆಡಿಸಿದ ಏಲಿಯ ಮಕ್ಕಳ ಕಥೆಯನ್ನು ಸತ್ಯವೇದ ಮುಚ್ಚಿಟ್ಟಿಲ್ಲ. ಏಲಿಯ ಮೇಲೆ ಬಂದ ಆರೋಪ, ಗೊತ್ತಿದ್ದೂ ಅವರನ್ನು ತಡೆಯಲಿಲ್ಲವೆಂಬುದು.

ಉಳಿದವು ಚುಟುಕಾಗಿ. ಕೇಳಿದ್ದನ್ನು ಉಪವಾಸ ಪ್ರಾರ್ಥನೆಯಲ್ಲಾಗಲಿ, ವಾಟ್ಸಾಪ್ ಗುಂಪಿನಲ್ಲಾಗಲಿ 'ಪ್ರಾರ್ಥನಾ ವಿಷಯ' ಮಾಡಬೇಡಿ; ಹೆಸರು ಹೇಳದಿದ್ದರೂ ಊರಿಗೆ ಗೊತ್ತಾಗುತ್ತದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಡುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181. ಕಥೊಲಿಕ ಧರ್ಮಕ್ಷೇತ್ರಗಳಲ್ಲಿ ಲೈಂಗಿಕ ದೌರ್ಜನ್ಯದ ದೂರು ಸ್ವೀಕರಿಸುವ ವ್ಯವಸ್ಥೆ ಇರಲೇಬೇಕೆಂದು ಪೋಪ್ ಫ್ರಾನ್ಸಿಸ್ 2019ರಲ್ಲಿ ನಿಯಮ ತಂದರು, ಆದರೆ ಅದು ಪೊಲೀಸ್ ದೂರಿಗೆ ಬದಲಿಯಲ್ಲ. ನಿದ್ದೆಯಿಲ್ಲ, ಬದುಕೇ ಬೇಡ ಎಂಬ ಮಾತು ಬಂದರೆ ಟೆಲಿ ಮಾನಸ್ 14416ಕ್ಕೆ ಆಗಲೇ ಅವರ ಜೊತೆ ಕೂತು ಕರೆ ಮಾಡಿ. ಭಾನುವಾರ ಬರುತ್ತೀರಾ ಎಂದು ಹೊರಡುವಾಗ ಕೇಳಬೇಡಿ. ಮುಂದಿನ ವಾರ ನಾವೇ ಬರಲಾ, ಯಾವ ದಿನ ಅನುಕೂಲ ಎಂದು ಕೇಳಿ, ಹೇಳಿದ ದಿನ ಹೋಗಿ.