ಉಗ್ರಾಣದ ಬಾಗಿಲಲ್ಲಿ ಮಳೆನೀರು ಒಳಸೇರದಂತೆ ತಡೆಯುವ ಕ್ರಮ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮುಂಗಾರು ಮಳೆಯು ನೆಟ್ಟಗೆ ಬೀಳುವುದು ಅಪೂರ್ವ. ನೈರುತ್ಯದ ಗಾಳಿಯು ಅದನ್ನು ಓರೆಯಾಗಿ ತಂದು ಗೋಡೆಗೂ ಕದಕ್ಕೂ ಅಪ್ಪಳಿಸುತ್ತದೆ. ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ಆಗುಂಬೆಯಂತಹ ಸ್ಥಳಗಳಲ್ಲಿ ಪಶ್ಚಿಮಾಭಿಮುಖವಾದ ಬಾಗಿಲು ರಾತ್ರಿಯೆಲ್ಲ ತೊಯ್ಯುತ್ತಲೇ ಇರುವುದುಂಟು. ಮಾಡು ಸೋರಿದರೆ ಮನೆಯವರ ಕಣ್ಣಿಗೆ ಬೀಳುತ್ತದೆ. ಬಾಗಿಲಿನ ಬುಡದಿಂದ ನುಸುಳಿದ ನೀರಾದರೋ ಸದ್ದಿಲ್ಲದೆ ಚೀಲಗಳ ಅಡಿಯನ್ನು ಸೇರುವುದು. ಬಿತ್ತನೆಯ ಬತ್ತದಲ್ಲಿ ತೇವವು ಶೇಕಡ ೧೩ಕ್ಕೆ ಮೀರಬಾರದು. ನೆಲದ ಮೇಲಿಟ್ಟ ಗೋಣಿಯು ದೀಪದ ಬತ್ತಿಯಂತೆ ನೀರನ್ನು ಮೇಲಕ್ಕೆಳೆದುಕೊಂಡರೆ ತಳದ ಕಾಳು ಬಿಸಿಯೇರಿ, ಬೂಷ್ಟು ಹಿಡಿದು, ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸಸಿಮಡಿಗೆ ಚೆಲ್ಲಿದ ಮೇಲೆ ಈ ಸಂಗತಿ ತಿಳಿದರೆ ಬೇರೆ ಬೀಜವನ್ನು ಹುಡುಕುವ ಕಾಲವು ಮಿಂಚಿರುತ್ತದೆ.

ಸಾಮಾನ್ಯವಾಗಿ ಜನರು ಒಳಗಡೆಯಿಂದ ಸಂದುಗಳಿಗೆಲ್ಲ ಗಾರೆಯನ್ನೋ ಅಂಟನ್ನೋ ಮೆತ್ತಿಬಿಡುವರು. ಇದು ಸರಿಯಾದ ಕ್ರಮವಲ್ಲ. ಹೊರಗಿನಿಂದ ಬಂದ ನೀರು ಹೋಗಲು ದಾರಿಯಿಲ್ಲದೆ ಮರದಲ್ಲಿಯೇ ನಿಂತು ಬಾಗಿಲುವಾಡದ ಬುಡವನ್ನು ಕೊಳೆಯಿಸುವುದು. ನೀರನ್ನು ಹೊರಗಡೆಯೇ ತಡೆದು, ಹೊರಕ್ಕೇ ಹರಿಯಿಸತಕ್ಕದ್ದು.

ಮೊದಲು ನೀರಿನ ದಾರಿಯನ್ನು ಗೊತ್ತುಮಾಡಿಕೊಳ್ಳಬೇಕು. ಮಳೆಯಿಲ್ಲದ ದಿನ ಕದವನ್ನು ಮುಚ್ಚಿ, ಒಬ್ಬರು ಹೊರಗಿನಿಂದ ತಂಬಿಗೆಯಲ್ಲಿ ನೀರು ಹುಯ್ಯಬೇಕು. ಮತ್ತೊಬ್ಬರು ಒಳಗೆ ದೀಪ ಹಿಡಿದು ನೋಡುತ್ತಿರಬೇಕು. ಹೊಸ್ತಿಲಿನಿಂದ ಆರಂಭಿಸಿ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಹೋಗುವುದು ಅವಶ್ಯಕ. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಸಂದುಗಳಿಗೂ ಇಳಿದು, ದೋಷವು ಎಲ್ಲಿಯದೆಂದು ತಿಳಿಯುವುದಿಲ್ಲ. ಕರಾವಳಿಯ ಮುರಕಲ್ಲಿನ ಗೋಡೆಗಳಲ್ಲಿ ನೀರು ಕಲ್ಲಿನೊಳಗೇ ಇಳಿದು ಬಾಗಿಲ ಮೇಲಣ ತೊಲೆಯ ಬಳಿ ತೊಟ್ಟಿಕ್ಕುವುದೂ ಉಂಟು. ಆಗ ಗೋಡೆಗೆ ಹೊರಗಿನಿಂದ ಗಾರೆ ಮಾಡಿಸಬೇಕೇ ಹೊರತು ಬಡಗಿಯನ್ನು ಕರೆಯಿಸಿ ಫಲವಿಲ್ಲ.

ಹೆಚ್ಚಿನ ಬಾಗಿಲುಗಳಲ್ಲಿ ತೊಂದರೆಯಿರುವುದು ಬುಡದಲ್ಲಿ. ಹಳೆಯ ಹೊಸ್ತಿಲು ಕಾಲು ತಾಗಿ ನಡುವೆ ಸವೆದು ತಗ್ಗಾಗಿ, ನೀರು ಅಲ್ಲಿಯೇ ನಿಲ್ಲುತ್ತದೆ. ಐದು ಅಂಗುಲ ಅಗಲದ ಹೊಸ್ತಿಲಿಗೆ ಹೊರಮುಖವಾಗಿ ಅರ್ಧ ಅಂಗುಲದ ಇಳಿಜಾರಿರುವುದು ಒಳ್ಳೆಯದು. ಅರಿಸಿನ ಕುಂಕುಮವಿಟ್ಟು ಪೂಜಿಸುವ ಹೊಸ್ತಿಲಿಗೆ ಉಳಿ ಹಾಕಿಸಲು ಮನೆಯವರು ಒಪ್ಪದಿರುವುದು ಸಹಜವೇ. ಅಂತಹಲ್ಲಿ ಹೊಸ್ತಿಲನ್ನು ಮುಟ್ಟದೆ, ಅದರ ಮುಂದಿನ ಚಪ್ಪಡಿಯನ್ನು ತಗ್ಗಿಸಿ ಅಂಗಳದ ಕಡೆಗೆ ಓರೆಮಾಡಿಸಬಹುದು.

ಇದರ ಜೊತೆಗೆ ಕದದ ಹೊರಮೈಯಲ್ಲಿ, ಬುಡದ ಹತ್ತಿರ, ಮೇಲ್ಭಾಗವು ಇಳಿಜಾರಾಗಿರುವ ಎರಡಂಗುಲದ ಮರದ ಪಟ್ಟಿಯನ್ನು ಜಡಿಯಿಸಬೇಕು. ನೀರು ಮರದ ತಳಕ್ಕೆ ಅಂಟಿಕೊಂಡೇ ಒಳಕ್ಕೆ ತೆವಳುವ ಸ್ವಭಾವವುಳ್ಳದ್ದು. ಆದುದರಿಂದ ಪಟ್ಟಿಯ ತಳದಲ್ಲಿ, ಹೊರ ಅಂಚಿನಿಂದ ಅರ್ಧ ಅಂಗುಲ ಒಳಗೆ, ಕಾಲಂಗುಲ ಅಗಲವೂ ಅಷ್ಟೇ ಆಳವೂ ಉಳ್ಳ ತೋಡನ್ನು ಉದ್ದಕ್ಕೂ ಕೊರೆಯಿಸತಕ್ಕದ್ದು. ಅಲ್ಲಿಗೆ ಬಂದ ನೀರು ಮುಂದೆ ಸಾಗಲಾರದೆ ಹನಿಯಾಗಿ ಕೆಳಕ್ಕೆ ಬೀಳುವುದು. ಅಲ್ಪ ವೆಚ್ಚದ ಈ ಕೆಲಸವು ಎಷ್ಟೋ ಮನೆಗಳಲ್ಲಿ ಸಾಕಾಗುತ್ತದೆ. ಉಳಿದ ಸಂದಿಗೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಪಟ್ಟಿಯಾಗಿ ಬಡಿಯಬಹುದು.

ಬಾಗಿಲುವಾಡಕ್ಕೂ ಗೋಡೆಗೂ ನಡುವಣ ಬಿರುಕಿಗೆ ಬರಿಯ ಸಿಮೆಂಟು ನಿಲ್ಲದು. ಮರವು ಹಿಗ್ಗಿ ಕುಗ್ಗಿದಂತೆಲ್ಲ ಅದು ಬಿಟ್ಟುಕೊಳ್ಳುವುದು. ಈಗ ಅಂಗಡಿಗಳಲ್ಲಿ ದೊರೆಯುವ ಸಿಲಿಕೋನ್ ಅಂಟು ಬಾಗುವ ಗುಣವುಳ್ಳದ್ದಾದ್ದರಿಂದ ಮೇಲು. ಅದನ್ನು ಹೊರಗಡೆ, ಬಿರುಕು ಚೆನ್ನಾಗಿ ಒಣಗಿರುವಾಗ, ಬೇಸಗೆಯಲ್ಲಿಯೇ ತುಂಬಬೇಕು.

ಮಳೆಗಾಲದಲ್ಲಿ ಉಬ್ಬಿ ಬಿಗಿಯಾದ ಕದಕ್ಕೆ ಆಗಲೇ ಹತ್ತರಿ ಹೊಡೆಯಿಸಬಾರದು; ಬೇಸಗೆಗೆ ಸಂದು ದೊಡ್ಡದಾಗುವುದು. ಬೇಸಗೆಯಲ್ಲಿ ಕದವನ್ನು ಕಳಚಿ, ಅದರ ತಳದ ಅಂಚಿಗೆ ಎರಡು ಸಲ ಅಗಸೆ ಎಣ್ಣೆಯನ್ನೋ ಬಣ್ಣವನ್ನೋ ಬಳಿಯಬೇಕು. ನಿಂತ ಹಲಗೆಗಳು ಹೆಚ್ಚು ನೀರು ಹೀರುವುದು ಈ ಅಂಚಿನಿಂದಲೇ, ಬಣ್ಣ ಕಾಣದೆ ಉಳಿಯುವುದೂ ಇದೇ.

ಸೂರು ಗಿಡ್ಡವಾಗಿದ್ದಲ್ಲಿ ಮಲೆನಾಡಿಗರು ಅಡಿಕೆ ಸೋಗೆಯ ತಟ್ಟಿಯನ್ನು ಗಾಳಿಯ ದಿಕ್ಕಿಗೆ ಕಟ್ಟುವರು. ಅದನ್ನು ಗೋಡೆಗೆ ತಾಗದಂತೆ ಒಂದು ಗೇಣು ದೂರದಲ್ಲಿ ಕಟ್ಟಿದರೆ ನಡುವೆ ಗಾಳಿಯಾಡಿ ಗೋಡೆಯೂ ಬೇಗ ಒಣಗುವುದು. ಇಷ್ಟೆಲ್ಲ ಮಾಡಿದ ಬಳಿಕವೂ ಬೀಜದ ಚೀಲಗಳನ್ನು ಬಾಗಿಲಿನಿಂದ ದೂರವಾಗಿ, ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆಯೇ ಇಡತಕ್ಕದ್ದು.