ರೊಟ್ಟಿ ಹಾಕಿ, ಖಣ ಅಳೆದು: ಮಕ್ಕಳಿಗೆ ಭಿನ್ನರಾಶಿಯ ಗುಣಾಕಾರ

‘ಮುಕ್ಕಾಲು’ ಎಂಬ ಮಾತನ್ನು ಬಿಡಿಸಿ ನೋಡಿ: ಮೂರು ಕಾಲು. 3 × 1/4 = 3/4 ಎಂಬ ಲೆಕ್ಕ ಆ ಪದದೊಳಗೇ ಕೂತಿದೆ. ಹಿಂದಿನವರು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡುತ್ತಿದ್ದರು. ಬಾಗಲಕೋಟೆಯ ಸಂತೆಯಲ್ಲಿ ಈಗಲೂ ಪಾವಕಿಲೋ, ದೀಡಕಿಲೋ ಅನ್ನುತ್ತಾರೆ. ಹೀಗಿದ್ದೂ ಮಗು 3 × 1/4 ಕ್ಕೆ 3/12 ಬರೆದರೆ, ಅದಕ್ಕೆ ಯಾರೂ ತುಂಡುಗಳನ್ನು ತೋರಿಸಿಲ್ಲ ಅಂತಲೇ ಅರ್ಥ.

ಹಂತ 1: ಸಮಭಾಗ

ಹಳೇ ಪೇಪರಿನ ಮೇಲೆ ಗಂಗಾಳ ಇಟ್ಟು ಗೆರೆ ಎಳೆದು ಏಳೆಂಟು ‘ರೊಟ್ಟಿ’ ಕತ್ತರಿಸಿ. ಪ್ರತಿಯೊಂದನ್ನೂ ಎರಡು ಸಲ ಮಡಚಿ ಬಿಚ್ಚಿದರೆ ನಾಲ್ಕು ಸಮಭಾಗ. ಅದಕ್ಕೂ ಮೊದಲು ಒಂದು ನಿಜವಾದ ಕಟಕ ರೊಟ್ಟಿ ಮುರಿಸಿ. ಅದು ತನ್ನ ಮನಸ್ಸಿಗೆ ಬಂದಂತೆ ಒಡೆಯುತ್ತದೆ. ‘ಇದರಾಗ ಕಾಲು ರೊಟ್ಟಿ ಯಾವುದು?’ ಎಂದು ಕೇಳಿ. ಮಕ್ಕಳು ಜಗಳಕ್ಕೆ ಬಿದ್ದರೆ ಪಾಠ ಶುರುವಾಯಿತು.

ಹಂತ 2: ತುಂಡು ಎಣಿಸುವುದು

ಐದು ಮಂದಿ, ತಲೆಗೆ ಮುಕ್ಕಾಲು ರೊಟ್ಟಿ. ಎಷ್ಟು ರೊಟ್ಟಿ ಬೇಕು? ಐದು ಕಡೆ ಮೂರು ಮೂರು ತುಂಡು ಇಡಿಸಿ, ಎಣಿಸಲು ಹೇಳಿ: 15 ಕಾಲು. ನಾಲ್ಕು ನಾಲ್ಕು ಜೋಡಿಸಿದರೆ ಮೂರು ಇಡೀ ರೊಟ್ಟಿ, ಮಿಕ್ಕಿದ್ದು ಮೂರು ತುಂಡು. ಆಮೇಲಷ್ಟೇ ಬರೆಯಿರಿ: 5 × 3/4 = 15/4 = 3 3/4.

ತುಂಡಿನ ಅಳತೆ ಇದ್ದಷ್ಟೇ ಇದೆ, ಹಾಗಾಗಿ ಛೇದವೂ ಇದ್ದಂತೆಯೇ ಇದೆ. ಬೆಳೆದದ್ದು ಎಣಿಕೆ, ಅಂದರೆ ಅಂಶ. 3/12 ಬರೆದ ಮಗುವಿಗೆ ಒಂದು ರೊಟ್ಟಿಯ ಪ್ರತಿ ಕಾಲನ್ನೂ ಮೂರು ಸಮಭಾಗ ಮಾಡಿಸಿ, ಅಕ್ಕಪಕ್ಕದ ಮೂರಕ್ಕೆ ಬಣ್ಣ ಹಚ್ಚಿಸಿ. ‘ಅಯ್ಯ, ಇದು ಬರೇ ಕಾಲು!’ ಎಂದು ಅದೇ ಹೇಳುತ್ತದೆ.

ಹಂತ 3: ಜಿಗಿತ

ಗುಳೇದಗುಡ್ಡದ ಖಣದಲ್ಲಿ ಒಂದು ಕುಪ್ಪಸಕ್ಕೆ ಮುಕ್ಕಾಲು ಮೀಟರ್ ಬೇಕು ಎಂದಿಟ್ಟುಕೊಳ್ಳಿ. ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಮೀಟರ್ ಗೆರೆ ಎಳೆದು, 25 ಸೆಂ.ಮೀ.ಗೊಂದು ಗುರುತು ಹಾಕಿ. ಮೂರು ಗುರುತಿಗೊಂದು ಜಿಗಿತ. ನಾಲ್ಕು ಕುಪ್ಪಸಕ್ಕೆ ಸರಿಯಾಗಿ ಮೂರು ಮೀಟರ್. ಐದನೇ ಜಿಗಿತ ರೊಟ್ಟಿಯಲ್ಲಿ ಸಿಕ್ಕ ಉತ್ತರಕ್ಕೇ ಬಂದು ನಿಲ್ಲುತ್ತದೆ.

ಇಳಕಲ್ ಸೀರೆಯ ಟೋಪ ತೆನಿ ಸೆರಗಿನ ಕೆಂಪು–ಬಿಳಿ ಪಟ್ಟಿಗಳನ್ನೂ ತೋರಿಸುವ ಆಸೆ ಬರುತ್ತದೆ. ಮೊದಲು ಟೇಪು ಹಿಡಿದು ಅಳೆಯಿರಿ. ಪಟ್ಟಿಗಳ ಅಗಲ ಬೇರೆ ಬೇರೆಯಾಗಿದ್ದರೆ, ಐದರಲ್ಲಿ ಮೂರು ಕೆಂಪು ಎಂದ ಮಾತ್ರಕ್ಕೆ 3/5 ಸೆರಗು ಕೆಂಪಾಗುವುದಿಲ್ಲ.

ಹಂತ 4: ಗುಂಪಿನ ಪಾಲು

ಬಾದಾಮಿಯ ನಾಲ್ಕು ಗುಹೆಗಳನ್ನು ಸಾಲಾಗಿ ಬರೆಸಿ. ಮೊದಲನೆಯದು ಶೈವ, ಎರಡು ಮತ್ತು ಮೂರನೆಯವು ವೈಷ್ಣವ, ನಾಲ್ಕನೆಯದು ಜೈನ. ಜೈನ ಗುಹೆ ಬಿಟ್ಟರೆ ಉಳಿಯುವುದು ನಾಲ್ಕರ ಮುಕ್ಕಾಲು: 4 × 3/4 = 3. ಆ ‘ರ’ ಪ್ರತ್ಯಯವೇ ಇಲ್ಲಿ ಗುಣಾಕಾರದ ಚಿಹ್ನೆ. ಹುನಗುಂದದ ಹೊಲದ 12 ಜೋಳದ ತೆನೆ ಚಿತ್ರಿಸಿ, ನಾಲ್ಕು ಗುಂಪು ಮಾಡಿ, ಮೂರು ಗುಂಪು ಎಣಿಸಿದರೆ 9.

‘ಗುಣಿಸಿದರ ಹೆಚ್ಚಾಗಬೇಕಲ್ಲ, ಕಡಿಮಿ ಯಾಕಾತು?’ ಎಂದು ಯಾರಾದರೂ ಕೇಳುವವರೆಗೂ ಸೂತ್ರ ಹೇಳಬೇಡಿ. ಕೇಳಿದವರಿಗೆ ತೆನೆಗಳನ್ನೇ ತೋರಿಸಿ: 12 ಇಡಿಯಾಗಿ ಒಂದು ಸಲವೂ ಸಿಕ್ಕಿಲ್ಲ, ಅದರ ಮುಕ್ಕಾಲಷ್ಟೇ ಸಿಕ್ಕಿದೆ.

ಮರುದಿನಕ್ಕೆ 7 × 1/2, 3 × 3/8 ಕೊಡಿ. 4 × 2/5 ಕ್ಕೆ ಮಾತ್ರ ರೊಟ್ಟಿ ಬೇಡ. ದುಂಡನೆಯ ಕಾಗದವನ್ನು ಐದಾಗಿ ಮಡಚಲು ದೊಡ್ಡವರಿಗೇ ಬರುವುದಿಲ್ಲ. 10 ಸೆಂ.ಮೀ. ಉದ್ದದ ಪಟ್ಟಿಗೆ 2 ಸೆಂ.ಮೀ.ಗೊಂದು ಗೆರೆ ಹಾಕಿದರೆ ಸಾಕು. ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ಇದ್ದರೆ ಕತ್ತರಿಸುವ ಕೆಲಸವೂ ತಪ್ಪೀತು; ಅದರಲ್ಲಿ ಭಿನ್ನರಾಶಿ ಪಟ್ಟಿಗಳಿವೆ.