ಮೀಟರ್ ಸೊನ್ನೆ ತೋರಿಸಿದ್ರೆ ತಾಮ್ರ ಇಲ್ಲ ಅಂತಾನಾ?

ಅಥಣಿ ಕಡೆ ದ್ರಾಕ್ಷಿ ತೋಟ ನೋಡಿದವರಿಗೆ ಎಲೆ ಮೇಲಿನ ನೀಲಿ ಕಲೆ ಗೊತ್ತಿರುತ್ತೆ. ಅದು ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ, ನೀರು ಬೆರೆಸಿ ಬೂಜು ರೋಗಕ್ಕೆ ಹೊಡೀತಾರೆ. ಮೈಲುತುತ್ತ ಅಂದ್ರೆ ನಮ್ಮ ಲ್ಯಾಬಿನ ಕಾಪರ್ ಸಲ್ಫೇಟೇ (ಇಂಗ್ಲಿಷ್ ಮೀಡಿಯಮ್ಮಿನ ನಮಗೆ ಈ ಹೆಸರು ಸಿಕ್ಕಿದ್ದು ಈಗ). ತಾಮ್ರ ಕೊಳೆತು ಹೋಗಲ್ಲ, ಹೆಚ್ಚಿನ ಪಾಲು ಮೇಲ್ಮಣ್ಣಲ್ಲೇ ಉಳಿಯುತ್ತೆ.

ಅಲ್ಲಿಯ ದೋಸ್ತ ಒಬ್ಬ ತೋಟದ ಬಾವಿ ನೀರು ತಂದ. ಫಸ್ಟ್ ಇಯರ್‌ನಲ್ಲಿ ಕಲಿತ ಹಾಗೆ ಅಮೋನಿಯಾ ಹಾಕಿ, ಕಲರಿಮೀಟರ್‌ನಲ್ಲಿ 620 ನ್ಯಾನೋಮೀಟರ್‌ಗೆ ಇಟ್ವಿ. 0.00. ಅವರಪ್ಪನಿಗೆ ಫೋನ್ ಹಚ್ಚಿ, "ಕಾಕಾ, ತಾಮ್ರ ಇಲ್ರಿ, ನೀರು ಚಲೋ ಐತ್ರಿ" ಅಂದ್ಬಿಟ್ವಿ.

ರಾತ್ರಿ ರೆಕಾರ್ಡ್ ಬರೆಯುವಾಗ ಬಿಯರ್-ಲ್ಯಾಂಬರ್ಟ್ ನಿಯಮ ನೆನಪಾಯ್ತು. ತಾಮ್ರ-ಅಮೋನಿಯಾದ ನೀಲಿ ಬಣ್ಣಕ್ಕೆ ಮೋಲಾರ್ ಅಬ್ಸಾರ್ಪ್ಟಿವಿಟಿ ಸುಮಾರು 50. ಮೀಟರ್ ತೋರಿಸೋ ಕನಿಷ್ಠ ರೀಡಿಂಗ್ 0.01. ಭಾಗಿಸಿದ್ರೆ 0.0002 ಮೋಲ್, 63.5ರಿಂದ ಗುಣಿಸಿದ್ರೆ ಲೀಟರಿಗೆ ಹತ್ತಿರ ಹತ್ತಿರ 13 ಮಿಲಿಗ್ರಾಂ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ತಾಮ್ರದ ಮಿತಿ 0.05, ಬೇರೆ ನೀರಿನ ಮೂಲವೇ ಇಲ್ಲದಿದ್ರೆ 1.5. ಅಂದ್ರೆ ಆ ಮಿತಿಯ ಎಂಟು ಪಟ್ಟು ತಾಮ್ರ ಇದ್ರೂ ನಮ್ಮ ಮೀಟರ್ ಸೊನ್ನೆ ಅಂತಿತ್ತು!

ತಪ್ಪು ಮೀಟರಿನದ್ದಲ್ಲ, ನಮ್ಮದು. ಅದೇ ಮೀಟರಿನಲ್ಲಿ ಫಿನಾಂತ್ರೊಲಿನ್ ಹಾಕಿ ಕಬ್ಬಿಣ ಅಳೆದ್ರೆ ಅಬ್ಸಾರ್ಪ್ಟಿವಿಟಿ 11,000, ಸುಮಾರು 0.05 ಮಿಲಿಗ್ರಾಂ ಕೂಡ ಕಾಣುತ್ತೆ. ಇಷ್ಟು ಕಡಿಮೆ ತಾಮ್ರಕ್ಕೆ ಮಾತ್ರ ಅಟಾಮಿಕ್ ಅಬ್ಸಾರ್ಪ್ಶನ್ ಉಪಕರಣ ಬೇಕು, 324.8 ನ್ಯಾನೋಮೀಟರ್‌ನಲ್ಲಿ.

ಸ್ಯಾಂಪಲ್ ತಂದ ರೀತಿಯೂ ಸರಿ ಇರ್ಲಿಲ್ಲ. ಹಳೇ ಕೋಲ್ಡ್ರಿಂಕ್ಸ್ ಬಾಟಲಿ! ಪ್ಲಾಸ್ಟಿಕ್ ಬಾಟಲಿಯನ್ನ ತೆಳು ನೈಟ್ರಿಕ್ ಆಮ್ಲದಲ್ಲಿ ನೆನೆಸಿ, ಡಿಸ್ಟಿಲ್ಡ್ ನೀರಿಂದ ತೊಳೀಬೇಕು. ನೀರು ತುಂಬಿದ ಮೇಲೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ತರಬೇಕು, ಇಲ್ಲಾಂದ್ರೆ ಲೋಹ ಬಾಟಲಿ ಗೋಡೆಗೇ ಅಂಟಿಕೊಳ್ಳುತ್ತೆ. ಜೊತೆಗೆ ಒಂದು ಬ್ಲಾಂಕ್: ಡಿಸ್ಟಿಲ್ಡ್ ನೀರನ್ನೂ ತೋಟಕ್ಕೆ ಒಯ್ದು, ಅದೇ ಆಮ್ಲ ಹಾಕಿ ತರೋದು. ಅದರಲ್ಲೇ ತಾಮ್ರ ಸಿಕ್ಕರೆ ಅದು ಬಾವಿಯದ್ದಲ್ಲ, ನಮ್ಮ ಕೈಯದ್ದು.

ಮರುದಿನ ಮತ್ತೆ ಫೋನ್ ಮಾಡಿದ್ವಿ. "ಕಾಕಾ, ನಿನ್ನೆ ಹೇಳಿದ್ದು ತಪ್ಪರಿ. ನಮ್ಮ ಮಷೀನಿಗೆ ಕಾಣಿಸಿಲ್ಲ, ಅಷ್ಟೇರಿ."

"ಹಂಗಂದ್ರ ನೀರು ಕುಡೀಬೇಕೋ ಬ್ಯಾಡೋ?"

ಹೊಸ ಬಾಟಲಿ, ಬ್ಲಾಂಕ್, ಒಂದು ಚೀಲ ಮೇಲ್ಮಣ್ಣು ಲ್ಯಾಬಿಗೆ ಬಂದಿವೆ. ಉಪಕರಣದ ಸರದಿಗೆ ಕಾಯ್ತಿದೀವಿ.